ಎತ್ತಿನ ತೊಟ್ಟಿಲು

ಕಲಬುರಗಿಯಿಂದ ಹುಮನಾಬಾದ ಕಡೆಗೆ ಗಾಡಿ ಹೊಡೆಯುವವರಿಗೆ ಕಮಲಾಪುರದಲ್ಲಿ ಎರಡು ಕೆಲಸ ಇರುತ್ತಿದ್ದವು. ಒಂದು, ಎತ್ತಿಗೆ ನೀರು ಕುಡಿಸುವುದು. ಇನ್ನೊಂದು, ಕಂಬಾರ ದುಂಡಮ್ಮನ ಮನೆಯ ಮುಂದೆ ನಿಂತು ಆಕೆಯ ಸೊಸೆಯನ್ನು ನೋಡಿ ನಗುವುದು. ಸೊಸೆ ಯಮನಮ್ಮ ಎತ್ತಿಗೆ ಲಾಳ ಹೊಡೆಯುತ್ತಿದ್ದಳು. ಹೆಣ್ಣುಮಗಳು ಲಾಳ ಹೊಡೆಯುವುದೇ ಒಂದು ಸೋಜಿಗ. ಅದರ ಮೇಲೆ ಆಕೆ ಎತ್ತನ್ನು ಕೆಡವದೆ, ನಿಲ್ಲಿಸಿಯೇ ಹೊಡೆಯುತ್ತಿದ್ದಳು. ಹೀಗೆ ನಕ್ಕವರೆಲ್ಲ ಸ್ವಲ್ಪ ಹೊತ್ತಿಗೆ ತಮ್ಮ ಎತ್ತನ್ನೂ ಬಿಚ್ಚಿ ತಂದು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಆ ಸಂಗತಿಯನ್ನು ಮಾತ್ರ ಯಾರೂ ಊರಿಗೆ ಹೋಗಿ ಹೇಳುತ್ತಿರಲಿಲ್ಲ. ಗಂಡಸರ ಮರ್ಯಾದೆ ತನಗೆ ಬೇಕಾದಲ್ಲಿ ಕಣ್ಣು ಮುಚ್ಚಿಕೊಳ್ಳುತ್ತದೆ.

ಆಕೆ ಈ ಕೆಲಸಕ್ಕೆ ಹುಟ್ಟಿದವಳೇನಲ್ಲ. ಲಾಳಕ್ಕೆ ಆ ಸೀಮೆಯಲ್ಲಿ ನಾಲ, ಹೊಡೆಯುವವನಿಗೆ ನಾಲಬಂದ ಎನ್ನುತ್ತಾರೆ. ನಾಲಬಂದನಾಗಿದ್ದವನು ಆಕೆಯ ಗಂಡ ಪೀರಪ್ಪ. ಕಂಬಾರರ ಮನೆಯಲ್ಲಿ ನೇಗಿಲಿನ ಕುಡ, ಕುಡುಗೋಲು ಮಾಡಿಕೊಂಡಿರಬೇಕಾದ ಹುಡುಗನಿಗೆ ಚಿಕ್ಕಂದಿನಿಂದ ಕುದುರೆಯ ಹುಚ್ಚು. ಕಲಬುರಗಿಗೆ ಓಡಿಹೋಗಿ, ಮೋಮಿನಪುರದ ಮೈಬೂಬ ಸಾಹೇಬರ ಕೈಕೆಳಗೆ ನಿಂತು, ಕುದುರೆಗೂ ಎತ್ತಿಗೂ ಲಾಳ ಹೊಡೆಯುವುದನ್ನು ಕಲಿತು ಬಂದ. ಬಂದ ಮೇಲೆ ಯಮನಮ್ಮನನ್ನು ತಂದರು. ಮದುವೆಯಾಗಿ ಮೂರು ವರ್ಷ ತುಂಬಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ಅಷ್ಟರಲ್ಲಿ ದೊಡ್ಡ ಲಡಾಯಿ ಸುರುವಾಯಿತು.

ನಿಜಾಮರ ರಿಸಾಲೆ ಮಿಸರ್ ದೇಶಕ್ಕೆ, ಎಂದರೆ ಈಜಿಪ್ಟಿಗೆ, ಹೊರಟಿತ್ತು. ಕುದುರೆ ದಂಡು ಎಂದ ಮೇಲೆ ನಾಲಬಂದರು ಬೇಕು. ಮೈಬೂಬ ಸಾಹೇಬರನ್ನು ಕೇಳಿದರು. ಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು. ಅವರು ತಮ್ಮ ಬದಲು ಶಿಷ್ಯನ ಹೆಸರು ಹೇಳಿದರು.

ಹೊರಡುವ ದಿನ ಕಲಬುರಗಿ ಸ್ಟೇಷನ್ನಿನಲ್ಲಿ ದುಂಡಮ್ಮ ಮಗನ ಕೊರಳು ಹಿಡಿದು ಅತ್ತಳು, ಸರ್ಕಾರವನ್ನು ಬೈದಳು, ಸಾಹೇಬರನ್ನು ಬೈದಳು, ರೈಲನ್ನೂ ಬಿಡಲಿಲ್ಲ. ಯಮನಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಹೋಗಬೇಡ ಎನ್ನುವ ಒಂದು ಮಾತು ಆಕೆಯ ನಾಲಿಗೆಯ ತುದಿಯಲ್ಲಿತ್ತು. ಹಿರಿಯರ ಮುಂದೆ ಸೊಸೆ ಗಂಡನಿಗೆ ಹಾಗೆ ಹೇಳುವ ರೂಢಿ ಇರಲಿಲ್ಲ. ಹಡಗು ಹತ್ತುತ್ತೇನೆ, ಅರಬೀ ಕುದುರೆ ನೋಡುತ್ತೇನೆ ಎಂದು ಅವನು ಹಿಗ್ಗಿ ಹೀರೇಕಾಯಿ ಆಗಿದ್ದುದನ್ನು ಕಂಡು ಮಾತೂ ಏಳಲಿಲ್ಲ. ರೈಲು ಹೋಯಿತು. ನುಂಗಿಕೊಂಡ ಆ ಮಾತು ಆಕೆಯನ್ನು ವರ್ಷಗಟ್ಟಲೆ ಕಾಡಿತು. ಹೇಳಿದ್ದರೆ ಅವನು ನಿಲ್ಲುತ್ತಿದ್ದನೋ ಇಲ್ಲವೋ, ಹೇಳಿದೆನೆಂಬ ಸಮಾಧಾನವಾದರೂ ಇರುತ್ತಿತ್ತು.

ಗಂಡ ಹೋದ ಮೇಲೆ, ಸುಗ್ಗಿ ಇನ್ನೂ ಮುಂದಿರುವಾಗಲೇ ಊರ ಗೌಡ ಗುರುಲಿಂಗಪ್ಪ ಬಾಗಿಲಿಗೆ ಬಂದ. ಕೆಂಪು ಬಾಳೆಯ ತೋಟ, ಗಾಡಿಗಳ ಸಾಲು ಇದ್ದ ಮನುಷ್ಯ. ಕೆಟ್ಟವನಲ್ಲ, ಆದರೆ ತನ್ನ ಮಾತು ತನಗೇ ಬಹಳ ರುಚಿ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಕಂಬಾರರ ಮನೆಗೆ ಇಷ್ಟು ಜೋಳ ಎಂದು ಕೊಡುವ ಪದ್ಧತಿಯಿತ್ತು. ಅದಕ್ಕೆ ಆಯ ಎನ್ನುತ್ತಿದ್ದರು. ಆ ಆಯದ ಮಾತೆತ್ತಲು ಬಂದಿದ್ದ.

"ದುಂಡವ್ವಾ, ಮನ್ಯಾಗ ಗಂಡಾಳಿಲ್ಲ. ಕೆಲಸ ಮಾಡವ್ರಿಲ್ಲಂದ ಮ್ಯಾಲ ಆಯ ಯಾಕ? ಮಾಗಾಂವದಿಂದ ಒಬ್ಬ ಕಂಬಾರನ್ನ ಕರಸ್ತೀವಿ."

ದುಂಡಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಸೊಸೆಯ ದನಿ ಬಂತು. "ಯಾರನ್ನೂ ಕರಸೂದು ಬ್ಯಾಡ್ರಿ ಗೌಡ್ರ. ಕುಡಾ ನಮ್ಮತ್ತಿ, ನಾನು ಕೂಡಿ ಹಣೀತೀವಿ. ನಾಲ ನಾ ಹೊಡೀತೀನಿ."

ಗೌಡ ನಕ್ಕ. ದುಂಡಮ್ಮನಿಗೆ ಗಾಬರಿಯಾಯಿತು. ಕಂಬಾರರ ಮನೆಯ ಹೆಂಗಸರು ತಿದಿ ಊದುವವರು, ಕಾದ ಕಬ್ಬಿಣಕ್ಕೆ ದೊಡ್ಡ ಸುತ್ತಿಗೆ ಹಾಕುವವರು, ಅದರಲ್ಲಿ ಹೊಸದೇನೂ ಇಲ್ಲ. ಆದರೆ ಎತ್ತಿನ ಕಾಲು ಹಿಡಿದು ಮೊಳೆ ಹೊಡೆಯುವುದು ಬೇರೆ ಮಾತು. ಗೌಡ ಹೋದ ಮೇಲೆ ಅತ್ತೆ ಸೊಸೆಯನ್ನು ತರಾಟೆಗೆ ತೆಗೆದುಕೊಂಡಳು.

"ಬಾಯಿಗಿ ಬಂದಂಗ ಅಂದುಬಿಟ್ಟೆಲ್ಲ, ಬರ್ತದೇನ್ ನಿನಗ?"

"ಬರಂಗಿಲ್ಲ. ಕಲೀತೀನಿ."

ಮರುದಿನವೇ ಆಕೆ ಬಾಳೆಗೊನೆಯ ಗಾಡಿ ಹತ್ತಿ ಕಲಬುರಗಿಗೆ ಹೋದಳು. ಜಗತ್ ಎಂಬ ಚೌಕದಲ್ಲಿ ಇಳಿದು, ಕೇಳುತ್ತ ಕೇಳುತ್ತ ಮೋಮಿನಪುರ ಸೇರಿ, ಸಾಹೇಬರ ಅಂಗಳದಲ್ಲಿ ನಿಂತಳು.

"ಚಾಚಾ, ನನಗ ನಾಲ ಹೊಡಿಯೂದು ಕಲಸ್ರಿ."

"ತೌಬಾ! ಹೆಣ್ಮಗಳಾಗಿ ಎತ್ತಿನ ಕಾಲ ಹಿಡೀತಿಯೇನ ಬೇಟಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಸಾಹೇಬರ ಹೆಂಡತಿ ಮೆಹಬೂಬಿ ಅಲ್ಲಿಂದಲೇ ಕೂಗಿದಳು. "ಎತ್ತಿನ ಸಗಣಿ ನಾವು ಬಳೀಬೇಕು, ಕಾಲ ಮಾತ್ರ ಮುಟ್ಟಬಾರದೇನ್ರಿ? ಅಕಿ ಗಂಡನ್ನ ದಂಡಿಗೆ ಕಳಿಸಿದವ್ರು ನೀವು. ಸುಮ್ಕ ಕಲಸ್ರಿ."

ಸಾಹೇಬರು ಸುತ್ತಿಗೆ ತೆಗೆದು ಆಕೆಯ ಮುಂದಿಟ್ಟರು. ಯಮನಮ್ಮ ಆ ಚಳಿಗಾಲವೆಲ್ಲ ಅವರ ಅಂಗಳದಲ್ಲಿ ಕಳೆದಳು. ಪೊರೆ ಬಂದ ಕಣ್ಣಿನ ಸಾಹೇಬರು ಕಿವಿಯಿಂದಲೇ ಕೆಲಸ ಮಾಡುತ್ತಿದ್ದರು, ಕಲಿಸಿದ್ದೂ ಹಾಗೆಯೇ. "ಎತ್ತಿನ ಗೊರಸು ಎರಡು ಹೋಳು. ಹೋಳಿಗೊಂದು ನಾಲ. ಅಂಚು ತೆಳ್ಳಗ, ಕುದುರೀ ಗೊರಸಿನಂಗ ದಪ್ಪ ಅಲ್ಲ. ಮೊಳಿ ಹೊರಗಿನ ಮಕಾ ಮಾಡಿ ಹೊಡಿ. ಸಪ್ಪಳ ಗಟ್ಟಿ ಇದ್ರ ಹೊಡಕೋತ ಹೋಗು. ಮೆತ್ತಗ ಆತಂದ್ರ ಜೀವಕ್ಕ ಹತ್ತಿರ ಹೋಯ್ತು ಅಂತ ತಿಳಿ, ಅಲ್ಲೇ ಕಿತ್ತು ತಗಿ."

ಕಲಿತು ಬಂದರೂ ಒಂದು ದೊಡ್ಡ ತೊಡಕು ಉಳಿದಿತ್ತು. ಲಾಳ ಹೊಡೆಯುವಾಗ ಎತ್ತನ್ನು ಹಗ್ಗ ಸುತ್ತಿ ನೆಲಕ್ಕೆ ಕೆಡವುತ್ತಾರೆ. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಒಬ್ಬ ಕೊರಳ ಮೇಲೆ, ಒಬ್ಬ ಬೆನ್ನಿನ ಮೇಲೆ ಒತ್ತಿ ಹಿಡಿಯುತ್ತಾನೆ. ಅದಕ್ಕೆ ಗಂಡಸರ ಕೈ ಬೇಕು. ಹೆಂಗಸಿನ ಹುಕುಮಿನ ಕೆಳಗೆ ಹಗ್ಗ ಹಿಡಿಯಲು ಊರಿನ ಒಬ್ಬ ಗಂಡಸೂ ಬರಲಿಲ್ಲ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಹೊಲದ ಕೆಲಸ, ಮತ್ತೊಬ್ಬನಿಗೆ ಹೆಂಡತಿಯ ಅಂಜಿಕೆ.

ಯಮನಮ್ಮ ಎರಡು ದಿನ ಯೋಚಿಸಿದಳು. ಆಮೇಲೆ ಅತ್ತೆಗೆ ಹೇಳಿದಳು, "ಕೆಡವಾಕ ನಾಕ್ ಮಂದಿ ಗಂಡಸ್ರು ಬೇಕು. ನಿಂದ್ರಸಾಕ ನಾಕು ಕಂಬ ಸಾಕು."

ಮನೆಯ ಮುಂದಿನ ಹುಣಸೆ ಮರದ ಕೆಳಗೆ ಅತ್ತೆ ಸೊಸೆ ಕೂಡಿ ನಾಲ್ಕು ಕಂಬ ಹೂಳಿದರು. ಎತ್ತು ನಡುವೆ ಬಂದು ನಿಂತರೆ ಹೊಟ್ಟೆಯ ಕೆಳಗೆ ಅಗಲವಾದ ನೂಲಿನ ಪಟ್ಟಿ ಹಾಯಿಸಿ ಮೇಲಿನ ಅಡ್ಡಗೋಲಿಗೆ ಬಿಗಿಯಬೇಕು. ಬದಿಗೆ ಇನ್ನೊಂದು ಕೋಲು, ಲಾಳ ಹೊಡೆಯುವ ಕಾಲನ್ನು ಮಡಚಿ ಅದಕ್ಕೆ ಕಟ್ಟಬೇಕು. ಎತ್ತು ಬೀಳುವಂತಿಲ್ಲ, ಒದೆಯುವಂತಿಲ್ಲ. ಮೂರು ಕಾಲಿನ ಮೇಲೆ ಮೆಲುಕು ಹಾಕುತ್ತ ನಿಲ್ಲಬೇಕು, ಅಷ್ಟೆ. ಮೊದಮೊದಲು ಪಟ್ಟಿ ಹರಿಯಿತು, ಒಂದು ಕಂಬ ಕಿತ್ತುಬಂತು, ದುಂಡಮ್ಮನ ಕಾಲಿನ ಮೇಲೆ ಎತ್ತು ಕಾಲಿಟ್ಟಿತು. ಅದನ್ನೆಲ್ಲ ಸರಿಮಾಡಿಕೊಂಡರು.

ಗುರುಲಿಂಗಪ್ಪ ನೋಡಲು ಬಂದವನು ಮೀಸೆ ತಿರುವಿ ಹೇಳಿದ, "ನೋಡ್ರಪ್ಪೋ, ಮಕ್ಕಳಿಲ್ಲದಕಿ ಎತ್ತಿಗೆ ತೊಟ್ಟಲ ಕಟ್ಯಾಳ!"

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಮನಮ್ಮನಿಗೆ ಆ ಮಾತು ಎದೆಗೆ ನಾಟಿತು. ಗಂಡ ಕಡಲಾಚೆ ಕೂತಿರುವಾಗ ಮನೆಯಲ್ಲಿ ತೊಟ್ಟಿಲು ಎಲ್ಲಿಂದ ತೂಗಬೇಕು? ಒಳಗೆ ಹೋಗಿ ಅಳಬೇಕೆನ್ನಿಸಿತು. ಅಲ್ಲಿಯೇ ನಿಂತಳು.

"ಹೌದ್ರಿ ಗೌಡ್ರ, ತೊಟ್ಟಲಾನೇ. ಮೊದಲ ನಿಮ್ಮ ಎತ್ತೇ ತರ್ರಿ, ನೋವಾದ್ರ ಆಮ್ಯಾಲ ನಗೀರಂತ."

ಮಂದಿಯ ಮುಂದೆ ಗೌಡ ಹಿಂದೆಗೆಯುವಂತಿರಲಿಲ್ಲ. ಅವನ ಎತ್ತು ತೊಟ್ಟಿಲಿನಲ್ಲಿ ನಿಂತಿತು, ಲಾಳ ಹೊಡೆಸಿಕೊಂಡಿತು, ನೆಟ್ಟಗೆ ನಡೆದು ಹೋಯಿತು. ಆ ವರ್ಷದ ಆಯ ಮನೆಗೆ ಬಂತು. ತೊಟ್ಟಿಲು ಎಂಬ ಹೆಸರೂ ಉಳಿಯಿತು.

ದಂಡಿಗೆ ಹೋದವರ ಮನೆಯ ಹೆಂಗಸರು ಗುರುವಾರಕ್ಕೊಮ್ಮೆ ಮೆಹಬೂಬಿಯ ಅಂಗಳದಲ್ಲಿ ಸೇರುತ್ತಿದ್ದರು. ಯಾರಿಗೆ ಕಾಗದ ಬಂದರೂ ಅಲ್ಲಿ ಓದಿಸುವುದು, ಒಬ್ಬರ ಸುದ್ದಿಯಲ್ಲಿ ಉಳಿದವರೆಲ್ಲ ತಮ್ಮವರನ್ನು ಹುಡುಕುವುದು. ಯಮನಮ್ಮ ಗಾಡಿ ಸಿಕ್ಕಾಗಲೆಲ್ಲ ಹೋಗುತ್ತಿದ್ದಳು. ಬರುಬರುತ್ತ ಪೀರಪ್ಪನದೂ ಒಂದು ಕಾಗದ ಬಂತು. ಯಾರದೋ ಕೈಯಲ್ಲಿ ಬರೆಸಿದ್ದ. ಅಲ್ಲಿನ ಉಸುಕು, ಉಸುಕಿನಲ್ಲಿ ಕುದುರೆಯ ಗೊರಸು ಒಣಗಿ ಬಿರಿಯುವುದು, ಬಿಳಿ ಕುದುರೆಗೆ ಹೊಟ್ಟೆನೋವು ಬಂದು ವಾಸಿಯಾದದ್ದು, ಇಷ್ಟೇ. ಕೊನೆಗೆ, ಅವ್ವನನ್ನು ನೋಡಿಕೋ ಎಂದಿತ್ತು.

"ಏ ಬೇಟಿ, ಇಂವ ನಿನ್ನ ಗಂಡನೋ ಕುದುರೀ ಗಂಡನೋ?" ಎಂದಳು ಮೆಹಬೂಬಿ. ಅಂಗಳವೆಲ್ಲ ನಕ್ಕಿತು, ಯಮನಮ್ಮನೂ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಮಾತ್ರ ಸಿಟ್ಟು ಬಂತು. ಹಾಗಿದ್ದರೂ ಕುದುರೆಯ ಹೊಟ್ಟೆನೋವನ್ನು ಅತ್ತೆಗೆ ಅಕ್ಷರ ಬಿಡದೆ ಒಪ್ಪಿಸಿದಳು. ದುಂಡಮ್ಮ ಆ ಬಿಳಿ ಕುದುರೆಗಾಗಿ ಮರುದಿನ ದೇವರಿಗೆ ಎಣ್ಣೆಯ ದೀಪ ಹಚ್ಚಿದಳು.

ಲಡಾಯಿ ಮುಗಿಯುವ ವರ್ಷ ಬಂದ ಜ್ವರ ಮನೆಮನೆ ಹೊಕ್ಕಿತು. ಮೈಬೂಬ ಸಾಹೇಬರು ಅದರಲ್ಲಿ ಹೋದರು. ಹುಮನಾಬಾದ ರಸ್ತೆಯಲ್ಲಿದ್ದ ಮತ್ತೊಬ್ಬ ನಾಲಬಂದನೂ ಹೋದ. ಆಮೇಲೆ ಆ ದಾರಿಯ ಎತ್ತುಗಳಿಗೆ ಯಮನಮ್ಮನ ತೊಟ್ಟಿಲೇ ಗತಿಯಾಯಿತು.

ಲಡಾಯಿ ನಿಂತ ಕೂಡಲೇ ಪೀರಪ್ಪ ಬರಲಿಲ್ಲ. ಹೋಗಿ ಆರು ವರ್ಷವಾದ ಮೇಲೆ ಒಂದು ದಿನ ರೈಲು ಇಳಿದು, ಕಮಲಾಪುರದ ಗಾಡಿಯೊಂದನ್ನು ಹತ್ತಿದ. ಮೈಮೇಲೆ ದಂಡಿನ ಖಾಕಿ ಕೋಟು, ಗಾಯವಿಲ್ಲ, ಕೈಕಾಲು ನೆಟ್ಟಗಿದ್ದವು. ಗಾಡಿಕಾರ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. "ಮನ್ಯಾಗ ನಾಲಬಂದ ಅದಾಳಪಾ, ಇನ್ನ ನೀ ಹೋಗಿ ರೊಟ್ಟಿ ಬಡಿ" ಎಂದು ಹತ್ತು ಸಲ ಹೇಳಿ, ಹತ್ತು ಸಲವೂ ತಾನೇ ನಕ್ಕ.

ಮನೆಯ ಮುಂದೆ ಇಳಿದಾಗ ಯಮನಮ್ಮ ತೊಟ್ಟಿಲಿನ ಹತ್ತಿರ ಕೂತು ಎತ್ತಿನ ಗೊರಸು ಕೆತ್ತುತ್ತಿದ್ದಳು. ಗಂಡನನ್ನು ಕಂಡವಳೇ ಉಳಿ ಬಿಟ್ಟು ಎದ್ದಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಸಂತೋಷದಿಂದ ಅತ್ತೆಯನ್ನು ಕೂಗಿದಳು. ಅವನು ತಾಯಿಯ ಕಾಲು ಮುಟ್ಟಿದ. ಕಂಬ ನೋಡಿದ, ಪಟ್ಟಿ ನೋಡಿದ, ಸುತ್ತ ನಿಂತ ಗಾಡಿಕಾರರನ್ನು ನೋಡಿದ.

"ನಾ ಬಂದೀನಿ. ಇನ್ನ ನೀ ಒಳಗ ನಡಿ."

ಆಕೆ ಒಳಗೆ ಹೋದಳು. ಹೊರೆ ಇಳಿಯಿತೆಂದು ಹಗುರಾಯಿತು, ಅದೇ ಗಳಿಗೆಯಲ್ಲಿ ಮೈ ಉರಿಯಿತು. ಮರುದಿನ ಬೆಳಿಗ್ಗೆ ಪೀರಪ್ಪ ಅಡ್ಡಗೋಲು ಬಿಚ್ಚಿ ಗೋಡೆಗೆ ಒರಗಿಸಿದ, ಪಟ್ಟಿಯನ್ನು ಸುತ್ತಿ ಮೂಲೆಗೆ ಹಾಕಿದ. ಉಸ್ತಾದ ಮೈಬೂಬ ಸಾಹೇಬರ ಶಿಷ್ಯ ಎತ್ತನ್ನು ಹೇಗೆ ಕೆಡವುತ್ತಾನೆಂದು ತೋರಿಸುವುದಿತ್ತು. ಹಗ್ಗ ಹಿಡಿಯಲು ಈಗ ಊರಿನ ಗಂಡಸರು ನಾ ಮುಂದು ತಾ ಮುಂದು ಎಂದು ಬಂದರು. ಸೊಂಟದ ನೋವುಗಳೆಲ್ಲ ವಾಸಿಯಾಗಿದ್ದವು.

ಗುರುಲಿಂಗಪ್ಪನ ಬಿಳಿ ಎತ್ತನ್ನು ಕೆಡವಿದರು. ಪೀರಪ್ಪ ಮೊಳೆ ಇಟ್ಟು ಸುತ್ತಿಗೆ ಎತ್ತಿದ. ಒಳಗೆ ಹಿಟ್ಟು ನಾದುತ್ತಿದ್ದ ಯಮನಮ್ಮನ ಕಿವಿ ಅಲ್ಲಿಯೇ ಇತ್ತು. ಒಂದನೆಯ ಪೆಟ್ಟು ಗಟ್ಟಿಯಾಗಿ ಬಂತು. ಎರಡನೆಯದು ಮೆತ್ತಗೆ ಬಂತು. ಮೂರನೆಯ ಪೆಟ್ಟು ಹೊಡೆಯಬೇಡಿ ಎಂದು ಕೂಗಲು ಬಾಯಿ ತೆರೆದಳು, ಅಷ್ಟರಲ್ಲಿ ಹೊಡೆದಾಗಿತ್ತು.

ಎತ್ತು ಬಾಯಿಬಿಟ್ಟು ಕೂಗಿಕೊಂಡಿತು. ಆರು ವರ್ಷ ಕುದುರೆಯ ದಪ್ಪ ಗೊರಸಿಗೆ ಪಳಗಿದ ಕೈ ಎತ್ತಿನ ತೆಳು ಅಂಚಿಗೆ ಅದೇ ಓರೆಯಲ್ಲಿ ಮೊಳೆ ಇಟ್ಟಿತ್ತು. ರಕ್ತ ಬಂತು. ಎಂಥ ನಾಲಬಂದನಿಗೂ ಒಮ್ಮೆ ಹೀಗಾಗುತ್ತದೆ, ಮೊಳೆ ಕಿತ್ತು ಎಣ್ಣೆ ಹಾಕಿದರೆ ಮುಗಿಯಿತು. ಪೀರಪ್ಪ ಕೀಳಲಿಲ್ಲ. ಸುತ್ತಿಗೆ ಕೈಬಿಟ್ಟು, ನೆಲದ ಮೇಲೆ ಬಿದ್ದ ಎತ್ತಿನ ಕಣ್ಣನ್ನೇ ನೋಡುತ್ತ ಕೂತುಬಿಟ್ಟ. ಮಂದಿ ಕೂಗಿದರೂ ಅವನಿಗೆ ಕೇಳಿಸಲಿಲ್ಲ. ಯಮನಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಮೊಳೆ ಕಿತ್ತಳು, ಅರಿಸಿನ ಕಾಸಿದ ಬಿಸಿ ಎಣ್ಣೆ ತುಂಬಿದಳು, ಹಗ್ಗ ಬಿಚ್ಚಿಸಿದಳು. ಎತ್ತು ಕುಂಟುತ್ತ ಹೋಯಿತು.

"ದಂಡಿಗೆ ಹೋಗಿ ಕಲ್ತು ಬಂದಿದ್ದು ಇದೇ ಏನ್ಲೇ ಪೀರ್ಯಾ?" ಎಂದ ಗೌಡ. ಆ ದಿನ ಅವನ ಸಿಟ್ಟಿನಲ್ಲಿ ತಪ್ಪಿರಲಿಲ್ಲ.

ಪೀರಪ್ಪ ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಯಮನಮ್ಮ ಅಡ್ಡಗೋಲನ್ನು ಮತ್ತೆ ಏರಿಸಲಿಲ್ಲ, ಏರಿಸಿದರೆ ಅವನ ಮುಖಕ್ಕೆ ಹೊಡೆದಂತಾಗುತ್ತದೆ ಎಂದು ಕಾದಳು. ಗಾಡಿಗಳು ನಿಲ್ಲದೆ ಹೋದವು. ಅಷ್ಟರಲ್ಲಿ ಸುದ್ದಿ ಬಂತು. ರಿಸಾಲೆಯ ಜಮಾದಾರನೊಬ್ಬ ಕಲಬುರಗಿಯ ಸೇಡಂ ರಸ್ತೆಯಲ್ಲಿ ಡೇರೆ ಹಾಕಿದ್ದಾನೆ, ಹಳೆಯ ನಾಲಬಂದರನ್ನು ಹೈದರಾಬಾದಿಗೆ ಕರೆದೊಯ್ಯುತ್ತಾನೆ, ಸೋಮವಾರ ಹೊರಡುತ್ತಾನೆ.

"ಹೆಸರು ಹಚ್ಚಿ ಬರ್ತೀನಿ" ಎಂದ ಪೀರಪ್ಪ. "ಕುದುರಿ ಕೆಲಸ ಒಂದೇ ಈಗ ನನ್ನ ಕೈಲೆ ಆಗೂದು."

ಯಮನಮ್ಮ ವಾದ ಮಾಡಲಿಲ್ಲ. ಅವನು ಗಾಡಿ ಹತ್ತಿದಾಗ ತಾನೂ ಹತ್ತಿ ಕೂತಳು. "ನನಗೂ ಮೆಹಬೂಬಿ ಚಾಚಿನ್ನ ನೋಡೂದದ. ನೀವೂ ಉಸ್ತಾದ್ರ ಮನೀಗಿ ಬಂದು ಮಾತಾಡ್ಸಿ ಹೋಗ್ರಿ."

ಉಸ್ತಾದರು ಹೋದ ಮೇಲೆ ಪೀರಪ್ಪ ಆ ಅಂಗಳಕ್ಕೆ ಬಂದದ್ದು ಅದೇ ಮೊದಲು. ಮೆಹಬೂಬಿ ಚಹಾ ಕೊಟ್ಟು, ಎದುರಿಗೆ ಕೂತು, ಸುತ್ತು ಬಳಸದೆ ಕೇಳಿದಳು. "ಎತ್ತಿನ ಸುದ್ದಿ ಗಾಡಿಕಾರರು ಹೇಳಿದ್ರು. ಮೊಳಿ ತಪ್ಪೂದು ದೊಡ್ಡ ಮಾತಲ್ಲ. ಕಿತ್ತು ತಗೀದಽ ಕುಂತಿದ್ಯಂತ. ಯಾಕ?"

ಹೆಂಡತಿಗೆ ಹೇಳಲಾರದ್ದನ್ನು ಅವನು ಆ ಮುದುಕಿಗೆ ಹೇಳಿದ. ಯಮನಮ್ಮ ಪಕ್ಕದಲ್ಲೇ ಇದ್ದಳು.

"ಲಡಾಯಿ ಮುಗೀತು ಚಾಚೀ. ಮುದಿ ಕುದುರಿಗೋಳ್ನ ಹಡಗದಾಗ ತರೂದು ಬ್ಯಾಡಂತ ಮ್ಯಾಲಿಂದ ಹುಕುಂ ಆತು. ಒಂದೊಂದೇ ಗುಂಡು ಹಾಕಿದ್ರು. ಪ್ರತಿ ಕುದುರೀ ಗೊರಸಿನ ಮ್ಯಾಲ ನಂಬರ ಸುಟ್ಟಿರ್ತಾರ. ಸತ್ತದ್ದು ಖರೇ ಅಂತ ತೋರಸಾಕ ಆ ಗೊರಸು ಕಡಕೊಂಡು ಬರೂದು ನಾಲಬಂದನ ಕೆಲಸ. ನನ್ನ ಕೈಲೆ ನಾಲ ಹೊಡದ ಗೊರಸು ಅವು. ಕೆಲವು ಇನ್ನಾ ಪೂರ್ತಿ ಸತ್ತಿರಲಿಲ್ಲ, ನೆಲದ ಮ್ಯಾಲ ಬಿದ್ದು ನನ್ನ ಮಕಾ ನೋಡ್ತಿದ್ವು. ಬಿಳಿ ಕುದುರೀನೂ ಇತ್ತು." ಕೈಯಲ್ಲಿದ್ದ ಚಹಾ ಕೆಳಗಿಟ್ಟ. "ಕೆಡವಿದ ಎತ್ತು ನೋಡಿದ್ರ ನನಗ ಅದೇ ಕಾಣ್ತದ. ಕುದುರೀಗಿ ನಿಂತಲ್ಲೇ ನಾಲ ಹೊಡೀತೀವಿ. ಅದಕ್ಕಽ ರಿಸಾಲೆಗೇ ಹೋಗ್ತೀನಂತೀನಿ."

ಮೆಹಬೂಬಿ ಅವನ ತಲೆಯ ಮೇಲೆ ಕೈಯಿಟ್ಟಳು. ಯಮನಮ್ಮನ ಕಣ್ಣಿಗೆ ನೀರು ಬಂದಿತ್ತು, ಆದರೆ ಆಕೆಯ ಬುದ್ಧಿ ಅವನ ಒಂದೇ ಮಾತಿನ ಮೇಲೆ ನಿಂತಿತ್ತು.

"ಎತ್ತು ನಿಂತಿದ್ರ ಹೊಡೀತೀರೇನು?"

"ಎತ್ತು ಎಲ್ಲಿ ನಿಂದ್ರತದ?"

"ನನ್ನ ಕಡೆ ನಿಂದ್ರತದ."

ಪೀರಪ್ಪ ತಲೆ ಎತ್ತಿದ. ತೊಟ್ಟಿಲನ್ನು ಬಿಚ್ಚಿ ಒಗೆದವನು ಅವನೇ. ಅದರಲ್ಲಿ ಎತ್ತು ಹೇಗೆ ನಿಲ್ಲುತ್ತದೆಂದು ಒಂದು ಸಲವೂ ಗಮನವಿಟ್ಟು ನೋಡಿರಲಿಲ್ಲ.

"ಆವತ್ತ ಟೇಶನದಾಗ ನಾ ಒಂದು ಮಾತು ನುಂಗಿದೆ" ಎಂದಳು ಯಮನಮ್ಮ. "ಇವತ್ತ ಚಾಚಿ ಮುಂದ ಅಂತೀನಿ. ಹೋಗಬ್ಯಾಡ್ರಿ. ಕೈಗಿ ಎತ್ತಿನ ಗೊರಸಿನ ರೂಢಿ ತಪ್ಪ್ಯದ, ನಾ ಹೇಳಿಕೊಡ್ತೀನಿ. ಮಂದಿ ನಗ್ತಾರ, ನಗಲಿ. ಆರು ವರ್ಷ ನನ್ನ ನೋಡಿ ನಕ್ಕಾರ, ನಾ ಏನ್ ಸವದೀನೇನು?"

ಹೆಂಡತಿಯ ಕೈಕೆಳಗೆ ಕಲಿಯುವ ಮಾತು ಅವನಿಗೆ ಸುಲಭಕ್ಕೆ ಇಳಿಯಲಿಲ್ಲ. ಎದ್ದು ಚಪ್ಪಲಿ ಮೆಟ್ಟುತ್ತ, "ಸೋಮವಾರ ಇನ್ನಾ ದೂರ ಅದ" ಎಂದ. ಸೇಡಂ ರಸ್ತೆಗೆ ಹೋಗದೆ ಇಬ್ಬರೂ ಅದೇ ಗಾಡಿಯಲ್ಲಿ ಊರಿಗೆ ಬಂದರು.

ಬಂದವಳೇ ಯಮನಮ್ಮ ಅಡ್ಡಗೋಲು ಏರಿಸಿದಳು. ಮೊದಲ ದಿನ ಅವನು ಎತ್ತಿನ ತಲೆಯ ಹತ್ತಿರ ನಿಂತ, ಅಷ್ಟೆ. ಅದರ ಗಂಗೆದೊಗಲು ತುರಿಸುತ್ತ, ದಂಡಿನಲ್ಲಿ ಕುದುರೆಗೆ ಹೇಳುತ್ತಿದ್ದ ಯಾವುದೋ ಮಾತುಗಳನ್ನು ಹೇಳುತ್ತ ನಿಂತ. ಎತ್ತು ಮೆಲುಕು ಹಾಕುತ್ತಿತ್ತು, ಅವನ ಉಸಿರು ನಿಧಾನವಾಗಿ ಸಮನಾಯಿತು. ಎರಡನೆಯ ದಿನ ಗೊರಸು ಕೆತ್ತಿದ. ಮೂರನೆಯ ದಿನ ಆಕೆ ಮೊಳೆಯನ್ನು ಅವನ ಕೈಗಿಟ್ಟು, ಅವನ ಬೆರಳ ಮೇಲೆ ತನ್ನ ಬೆರಳಿಟ್ಟು ಹೊರಮುಖವಾಗಿ ಓರೆ ಮಾಡಿದಳು.

ದಾರಿಯಲ್ಲಿ ಹೊರಟಿದ್ದ ಗುರುಲಿಂಗಪ್ಪ ಆ ಹೊತ್ತಿಗೇ ಬರಬೇಕೆ?

"ಏನಲೇ, ಹೇಣ್ತಿ ಕೈ ಹಿಡದು ಓನಾಮ ತಿದ್ದಸಾಕತ್ಯಾಳೇನು? ಈಗ ಈ ಮನ್ಯಾಗ ನಾಲಬಂದ ಯಾರಂತ ಕರೀಬೇಕು ನಾವು?"

ಯಮನಮ್ಮನ ಕೈ ನಿಂತಿತು. ಇವನು ಈಗ ಸುತ್ತಿಗೆ ಎಸೆದು ಎದ್ದರೆ ಎಲ್ಲ ಮುಗಿಯಿತು ಎಂದುಕೊಂಡಳು. ಪೀರಪ್ಪ ಗೊರಸಿನ ಮೇಲಿನ ಕಣ್ಣು ಎತ್ತಲಿಲ್ಲ.

"ನಾಲಬಂದ ಅಕೀನೇ ಅದಾಳ್ರಿ ಗೌಡ್ರ. ನಿಮ್ಮ ಬಿಳಿ ಎತ್ತು ಕುಂಟ ಮಾಡಿದಾವ ನಾನು. ಕಲೀಲಾರದಽ ಮತ್ತೊಂದು ಎತ್ತಿನ ಕಾಲ ಮುಟ್ಟಂಗಿಲ್ಲ."

ಒಳಗಿನಿಂದ ದುಂಡಮ್ಮ, "ಗೌಡ್ರ, ಬಿಸಲಾಗ ಯಾಕ ನಿಂತೀರಿ, ತಿದಿ ಊದಾಕ ಬರ್ತೀರೇನು?" ಎಂದು ಕೇಳಿದಳು. ಗೌಡ ಹೊರಟುಹೋದ.

ಆದರೂ ಪೀರಪ್ಪ ಹೋಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಯಮನಮ್ಮ ಎರಡನೆಯ ಸಲ ಕೇಳಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದಾಗಿತ್ತು, ಬೇಡಿ ನಿಲ್ಲಿಸಿಕೊಂಡ ಗಂಡ ಎಷ್ಟು ದಿನ ನಿಂತಾನು ಎನ್ನುವುದು ಆಕೆಯ ಲೆಕ್ಕ.

ಸೋಮವಾರ ಬೆಳಕು ಹರಿದಾಗ ಅವನು ಮನೆಯಲ್ಲಿರಲಿಲ್ಲ. ಗೂಟದ ಮೇಲಿನ ಖಾಕಿ ಕೋಟೂ ಇರಲಿಲ್ಲ. ದುಂಡಮ್ಮ ಗೋಡೆ ಹಿಡಿದು ಕೂತಳು. "ಹೋದ್ನಲ್ಲೇ ಯಮನವ್ವಾ, ಒಂದು ಮಾತು ಹೇಳಲಾರದಽ ಹೋದ್ನಲ್ಲೇ!"

ಓಡಿಹೋಗಿ ಗಾಡಿ ಹಿಡಿಯಬೇಕು, ಡೇರೆಗೇ ಹೋಗಿ ಅಂಗಿ ಹಿಡಿದು ಎಳೆಯಬೇಕು ಎಂದು ಯಮನಮ್ಮನಿಗೆ ಅನ್ನಿಸಿತು. ಹೊರಗೆ ಎರಡು ಜೋಡಿ ಎತ್ತು ಕಾಯುತ್ತಿದ್ದವು. ಆಕೆ ಮುಖ ತೊಳೆದುಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ತಿದಿ ಊದ್ರಿ ಅತ್ತೀ. ಮುಂಚೆನೂ ನಾವಿಬ್ಬರೇ ಇದ್ವಿ."

ಮೊದಲ ಎತ್ತು ತೊಟ್ಟಿಲಿಗೆ ಬಂತು. ಪಟ್ಟಿ ಬಿಗಿದಳು, ಕಾಲು ಕಟ್ಟಿದಳು, ಹೊಡೆದಳು. ಕೈ ಒಂದು ಮೊಳೆಗೂ ತಪ್ಪಲಿಲ್ಲ. ಹೀಗೆಯೇ ಬದುಕುತ್ತೇನೆ, ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು.

ಬಿಸಿಲು ಏರಿದ ಮೇಲೆ ಹಳ್ಳದ ಕಡೆಯಿಂದ ಒಂದು ಗಾಡಿ ಬಂತು. ಗಾಡಿಯ ತುಂಬ ಆಗಷ್ಟೇ ಕಡಿದ ಜಾಲಿಯ ದಿಮ್ಮಿಗಳು. ಹಿಂದೆ ನಡೆದು ಬರುತ್ತಿದ್ದವನು ಪೀರಪ್ಪ. ಮುಳ್ಳಿಗೆ ಅಂಜಿ ಖಾಕಿ ಕೋಟು ತೊಟ್ಟು ಹೋಗಿದ್ದ, ಅದರ ತೋಳು ಹರಿದು ಚಿಂದಿಯಾಗಿತ್ತು. ಕೈಯಲ್ಲಿ ಕೊಡಲಿ ಇತ್ತು. ದಿಮ್ಮಿಗಳನ್ನು ಒಂದೊಂದಾಗಿ ಕೆಳಗಿಳಿಸಿ, ಬೆವರು ಒರೆಸಿಕೊಂಡ.

"ಇದೇನ್ರಿ?" ಯಮನಮ್ಮ ಕೇಳಿದಳು.

"ಒಂದು ತೊಟ್ಟಲದಾಗ ಇಬ್ಬರು ಹ್ಯಾಂಗ ಕೆಲಸ ಮಾಡೂದು? ಇನ್ನೊಂದು ಹಾಕೂನು. ಕಂಬ ಎಲ್ಲಿ ಹೂಳ್ಲಿ, ನೀನೇ ಹೇಳು."

ಆರು ವರ್ಷ ತಡೆದ ಅಳು ಆಕೆಗೆ ಆಗ ಬಂತು. ಗಾಡಿಕಾರರು ನೋಡುತ್ತಿದ್ದರು, ಅತ್ತೆ ನೋಡುತ್ತಿದ್ದಳು. ನೋಡಲಿ ಎಂದು ಅತ್ತಳು. ಅಳುತ್ತಲೇ ಸುತ್ತಿಗೆಯ ತುದಿಯಿಂದ ಹುಣಸೆ ಮರದ ಬಲಕ್ಕೆ ತೋರಿಸಿದಳು.

"ಅಲ್ಲಿ. ಕುಣಿ ಆಳ ತೋಡ್ರಿ, ಅಲಗಾಡಬಾರದು."